ಟ್ರಂಕಿನೊಳಗಿನ ಕಣಗಳಿಗೊಂದು ದಾರಿ

ಹೊಲಿಗೆ ಕಲಿಯಲು ಹೊರಟ ಹುಡುಗಿಯರು ನನ್ನ ಹತ್ತಿರ ಹೇಳಿಕೊಳ್ಳುವುದು ಒಂದೇ ಕಷ್ಟ: "ದೊಡ್ಡಮ್ಮಾ, ಬಟ್ಟೆ ರಾಶಿ ಬಿದ್ದಿದೆ, ಏನು ಹೊಲಿಯುವುದು ಅಂತ ಹೊಳೆಯುವುದಿಲ್ಲ." ನೀನೂ ಅದನ್ನೇ ಕೇಳಿದೆಯಲ್ಲ ಪುಟ್ಟೀ, ಹೇಳುತ್ತೇನೆ. ಹೊಳೆಯಲಿ ಎಂದು ಕಾಯಬೇಡ. ಮೊಬೈಲಿನಲ್ಲಿ ಚಂದದ ವಿನ್ಯಾಸ ನೋಡಿ, ಅದಕ್ಕೆ ಹೊಂದುವ ಬಟ್ಟೆ ತರಲು ಶಿವಮೊಗ್ಗದ ಬಸ್ಸು ಹತ್ತುವುದಂತೂ ಬೇಡವೇ ಬೇಡ. ಮನೆಯಲ್ಲಿ ಯಾರಿಗೆ ಏನು ಬೇಕಾಗಿದೆ ನೋಡು, ಆಮೇಲೆ ಟ್ರಂಕು ತೆರೆ. ಏನು ಹೊಲಿಯಬೇಕು ಎನ್ನುವುದು ಆ ಎರಡರ ನಡುವೆಯೇ ಇರುತ್ತದೆ.

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಯಾವ ಮನೆಯ ಟ್ರಂಕು ತೆರೆದರೂ ಮೊದಲು ಕೈಗೆ ಸಿಗುವುದು ರವಿಕೆ ಕಣ. ಗೌರಿ ಹಬ್ಬದ ಮೊರದ ಬಾಗಿನದಲ್ಲಿ ಬಂದದ್ದು, ನವರಾತ್ರಿಯಲ್ಲಿ ಅರಿಶಿನ ಕುಂಕುಮಕ್ಕೆ ಹೋದಾಗ ಕೊಟ್ಟದ್ದು, ಸೀಮಂತದ್ದು, ಗೃಹಪ್ರವೇಶದ್ದು. ಅದರಲ್ಲಿ ರವಿಕೆಯಾಗುವುದು ಕೆಲವೇ. ಉಳಿದದ್ದನ್ನು ನಾವು ಇನ್ನೊಬ್ಬರ ಬಾಗಿನಕ್ಕೆ ಇಡುತ್ತೇವೆ, ಅವರು ಮತ್ತೊಬ್ಬರಿಗೆ ಕೊಡುತ್ತಾರೆ. ಪ್ರೀತಿಯಿಂದ ಕೊಟ್ಟ ಬಟ್ಟೆ ಯಾರ ಮೈಗೂ ಬೀಳದೆ ಮನೆಯಿಂದ ಮನೆಗೆ ತಿರುಗುವುದು ನನಗೆ ಯಾವತ್ತೂ ಸಂಕಟದ ವಿಷಯ. ಕಣಗಳ ಅಡಿಯಲ್ಲಿ ಮೆದುವಾದ ವಾಯಿಲ್ ಸೀರೆ, ಅಂಚು ಹರಿದ ಪಂಚೆ, ಬೈರಾಸು. ಇನ್ನೂ ಅಡಿಯಲ್ಲಿ ಮಡಿಕೆಯಲ್ಲೇ ಸೀಳಿದ ಒಂದು ರೇಷ್ಮೆ ಸೀರೆ.

ಎಲ್ಲವನ್ನೂ ಜಗಲಿಯ ಮೇಲೆ ಹರಡು. ಬಣ್ಣ ನೋಡಿ ಬೇರೆ ಮಾಡಬೇಡ, ನೂಲು ನೋಡಿ ಬೇರೆ ಮಾಡು. ಅಂಗಡಿಯವರು ಹತ್ತಿ ಎಂದು ಕೊಡುವ ಕಣದಲ್ಲೂ ಪಾಲಿಯೆಸ್ಟರ್ ಬೆರೆತಿರುವುದುಂಟು. ಅಂಚಿನಿಂದ ನಾಲ್ಕು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಮುಟ್ಟಿಸು. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಈ ಪರೀಕ್ಷೆಯಾದ ಮೇಲೆ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ. ಕರಗುವ ಬಟ್ಟೆ ಒಲೆಯ ಹತ್ತಿರ ಹೋಗಬಾರದು, ಕೂಸಿನ ಮೈಗೂ ಬೇಡ. ಅದು ಸಂತೆಯ ಚೀಲಕ್ಕೆ, ಮಿಕ್ಸಿಯ ಮುಸುಕಿಗೆ ಸಾಕು. ಹತ್ತಿಯ ಚೂರುಗಳನ್ನು ನಾಲ್ಕೈದು ಪದರ ಮಾಡಿ ಹೊಲಿದರೆ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು. ಹೊಸದಾಗಿ ಕಲಿಯುವವಳಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇನ್ನು ಹೊದಿಕೆಯ ಮಾತು. ಇಲ್ಲಿ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಉತ್ತರ ಕರ್ನಾಟಕದ ಕೌದಿ ನೋಡಿ ಹಾಗೇ ಹೊಲಿಯಲು ಹೊರಟವರು ನಮ್ಮ ಮಳೆಯನ್ನು ಮರೆಯುತ್ತಾರೆ. ಬಯಲುಸೀಮೆಯಲ್ಲಿ ಏಳೆಂಟು ಪದರದ ಕೌದಿಯನ್ನೂ ತೊಳೆದು ಒಂದು ಬಿಸಿಲಿಗೆ ಒಣಗಿಸಬಹುದು. ನಮ್ಮಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದರೆ ಒಂದು ಬೈರಾಸು ಒಣಗುವುದಕ್ಕೂ ಬಚ್ಚಲ ಒಲೆಯೇ ಗತಿ. ದಪ್ಪ ಹೊದಿಕೆಯ ಒಳಪದರ ಒದ್ದೆಯಾಗಿ ಉಳಿದು ಬೂಷ್ಟು ಹಿಡಿಯುತ್ತದೆ. ಶೃಂಗೇರಿ, ಕಿಗ್ಗದ ಕಡೆ ಹೊಲಿಯುವುದಾದರೆ ನಾಲ್ಕು ಪದರ ದಾಟಬೇಡ. ಎನ್.ಆರ್.ಪುರದ ಕಡೆ ಮಳೆ ಕಡಿಮೆ, ಅಲ್ಲಿಗೆ ಇನ್ನೊಂದು ಪದರ ಸೇರಿಸಿದರೂ ನಡೆಯುತ್ತದೆ.

ಲೆಕ್ಕ ಸುಲಭ. ಐದೂವರೆ ಮೀಟರಿನ ವಾಯಿಲ್ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಸುಮಾರು ಆರಡಿ ಉದ್ದ, ಪೌಣೇ ನಾಲ್ಕಡಿ ಅಗಲದ ಮೂರು ಪದರ ಸಿಕ್ಕಿತು. ಒಬ್ಬರು ಹೊದೆಯಲು ಅಷ್ಟು ಸಾಕು. ಮೇಲಿನ ನಾಲ್ಕನೆಯ ಪದರ ಕಣಗಳದ್ದು. 80 ಸೆಂಟಿಮೀಟರ್ ಉದ್ದ, ಮೀಟರು ಅಗಲದ ಒಂದು ಕಣದಲ್ಲಿ 32 ಸೆಂಟಿಮೀಟರಿನ ಆರು ಚೌಕ ಬರುತ್ತದೆ. ಹೊಲಿಗೆಗೆ ಸುತ್ತಲೂ ಒಂದೊಂದು ಸೆಂಟಿಮೀಟರ್ ಹೋದರೆ ಉಳಿಯುವುದು 30. ಇಂಥ 24 ಚೌಕವನ್ನು ಸಾಲಿಗೆ ನಾಲ್ಕರಂತೆ ಆರು ಸಾಲು ಜೋಡಿಸಿದರೆ ಮೇಲ್ಪದರ ತಯಾರು. ಅಂದರೆ ನಾಲ್ಕೇ ಕಣ! ಎಂಟು ಕಣದಿಂದ ಮೂರು ಮೂರು ಚೌಕ ತೆಗೆದರೆ ಇನ್ನೂ ಚೆಂದ. ಅಗಲದಲ್ಲಿ ಎರಡೂ ಕಡೆ ಸ್ವಲ್ಪ ಹೆಚ್ಚಾಗಿ ಉಳಿಯುವ ಬಟ್ಟೆಯನ್ನು ಹಿಂದಕ್ಕೆ ಮಡಚಿ ಹೊಲಿ. ಆ ಬದಿಗಳಿಗೆ ಬೇರೆ ಪಟ್ಟಿ ಬೇಡ.

ವಿನ್ಯಾಸ ಗೊತ್ತಿಲ್ಲವೆಂದು ಹೆದರಬೇಡ. ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯನ್ನು ಒಮ್ಮೆ ನೋಡು. ಕಾಗದದ ಮೇಲೆ ಬರೆದುಕೊಂಡು ಹೊಲಿಯುವವರಲ್ಲ ಅವರು. ಮನೆಯವರು ಉಟ್ಟು ಹಳೆಯದಾದ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಇಟ್ಟುಕೊಳ್ಳುತ್ತಾ, ಸಾದಾ ಹೊಲಿಗೆ ಓಡಿಸುತ್ತಾ ನಡುವಿಗೆ ಬರುತ್ತಾರೆ. ಯಾವ ತುಂಡಿನ ಪಕ್ಕ ಯಾವುದು ಎನ್ನುವುದು ಹೊಲಿಯುವಾಗಲೇ ತೀರ್ಮಾನವಾಗುತ್ತದೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಹೂವು ಇಡುತ್ತಾರೆ. ಅದಿಲ್ಲದಿದ್ದರೆ ಅವರ ಪಾಲಿಗೆ ಕೌದಿ ಮುಗಿದಂತಲ್ಲ. ಆ ಕೌದಿಗಳೇ 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರೂ ಹೊಲದಲ್ಲಿ ದುಡಿದು ಸವೆದ ಬಟ್ಟೆಯಲ್ಲೇ ಹೊಲಿದರು, 2006ರಲ್ಲಿ ಆ ದೇಶದ ಅಂಚೆಚೀಟಿಯ ಮೇಲೆ ಅವರ ಹೊದಿಕೆಗಳು ಬಂದವು. ಇವರಲ್ಲಿ ಯಾರೂ ಹೊಂದುವ ಬಟ್ಟೆ ಹುಡುಕಿಕೊಂಡು ಹೋದವರಲ್ಲ.

ಹೊದಿಕೆ ಬೇಡವಾದರೆ ಬೇರೆ ಅಗತ್ಯಗಳು ಎಷ್ಟಿಲ್ಲ! ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿಯ ತನಕ ಮೆಟ್ಟುಗತ್ತಿಯ ಮುಂದೆ ಕೂರುವ ಹೆಂಗಸರ ಸೊಂಟದ ನೋವು ನಿನಗೆ ಗೊತ್ತು. ಹಳೆಯ ಪಂಚೆಯನ್ನು ಹತ್ತು ಪದರ ಮಡಚಿ, ಮೇಲೆ ಕೆಳಗೆ ಅಣ್ಣನ ಹಳೆಯ ಜೀನ್ಸ್ ಕೊಟ್ಟು ಒಂದು ಕೂರುವ ಮೆತ್ತೆ ಹೊಲಿ. ಅಡಿಕೆಯ ಕಲೆ ತೊಳೆದರೂ ಹೋಗದು, ಆದ್ದರಿಂದ ಕಡುಬಣ್ಣವೇ ಇರಲಿ. ಅಕ್ಕ ಬಸುರಿಯಾದರೆ ಹೊಸ ಕಣ ಮುಟ್ಟಬೇಡ, ತೊಳೆದು ತೊಳೆದು ಮೆದುವಾದ ವಾಯಿಲ್ ಸೀರೆಯಲ್ಲಿ ಎರಡೇ ಪದರದ ತೊಟ್ಟಿಲು ಬಟ್ಟೆ ಹೊಲಿ. ಅಜ್ಜನಿಗೆ ಜಪಮಣಿ ಇಡುವ ಗೋಮುಖಿ ಚೀಲಕ್ಕೆ, ಅಟ್ಟದ ಮೇಲಿನ ಹಳೆಯ ಪುಸ್ತಕಗಳಿಗೆ ಸುತ್ತುವ ಬಟ್ಟೆಗೆ ಒಂದೊಂದು ಹತ್ತಿಯ ಕಣ ಸಾಕು. ಸೀಳಿದ ರೇಷ್ಮೆಯನ್ನು ಎಳೆದಾಡುವ ಯಾವುದಕ್ಕೂ ಬಳಸಬೇಡ. ಹಿಂದೆ ಹತ್ತಿಯ ಬಟ್ಟೆ ಕೊಟ್ಟು ದಿಂಬಿನ ಮುಸುಕು ಮಾಡು. ಅದರ ಜರಿಯ ಅಂಚನ್ನು ಬಿಡಿಸಿ ದೇವರ ಕೋಣೆಯ ಬಾಗಿಲಿಗೆ ತೋರಣ ಮಾಡಬಹುದು.

ಕತ್ತರಿ ಹಾಕುವ ಮೊದಲು ಒಂದು ಮಾತು. ಸೀರೆ ಯಾರದು ಎಂದು ವಿಚಾರಿಸು. ಅತ್ತೆಯದೋ, ತೀರಿಕೊಂಡ ಅಜ್ಜಿಯದೋ ಆಗಿದ್ದರೆ ಮನೆಯವರನ್ನು ಕೇಳಿಯೇ ಮುಟ್ಟು. ಕೆಲವರಿಗೆ ಆ ಬಟ್ಟೆ ಹೊದಿಕೆಯಾಗಿ ಮೈಮೇಲೆ ಇರುವುದೇ ಸಮಾಧಾನ, ಕೆಲವರಿಗೆ ಅದು ಮಡಚಿಟ್ಟ ಹಾಗೆಯೇ ಇರಬೇಕು. ಎರಡೂ ಸರಿ.

ಹೊತ್ತು ಗೊತ್ತು ನೋಡಿಕೊಂಡು ಕೆಲಸಕ್ಕೆ ಕೈ ಹಾಕು. ಅಡಿಕೆ ಕೊಯ್ಲು ಮುಗಿದು ಶಿವರಾತ್ರಿಯ ಬಿಸಿಲು ಬಂದಾಗ ಎಲ್ಲ ಬಟ್ಟೆಯನ್ನೂ ತೊಳೆದು ಒಣಗಿಸು. ಹೊಸ ಕಣ ಮೊದಲ ನೀರಿಗೆ ಕುಗ್ಗುತ್ತದೆ, ಕುಗ್ಗಿದ ಮೇಲೆ ಕತ್ತರಿಸಬೇಕು. ಕೆಂಪು, ಕಡುನೀಲಿ ಬಣ್ಣದ್ದಾದರೆ ಬಿಳಿ ಬಟ್ಟೆಯ ಒದ್ದೆ ಚೂರಿನಿಂದ ಉಜ್ಜಿ ನೋಡು, ಬಣ್ಣ ಬಿಟ್ಟರೆ ಅದನ್ನು ಬೇರೆ ಇಡು. ಸೀರೆಯ ಗಂಜಿ ಪೂರ್ತಿ ಹೋಗುವ ತನಕ ಜಾಲಿಸು. ಗಂಜಿ ಉಳಿದರೆ ಮಳೆಗಾಲದಲ್ಲಿ ಬೂಷ್ಟು, ಹುಳು ಎರಡೂ ಬರುತ್ತವೆ. ಬೇಸಿಗೆಯಲ್ಲೇ ಕತ್ತರಿಸಿ ಚೌಕಗಳನ್ನು ಕಟ್ಟಿ ಇಟ್ಟರೆ ಆರಿದ್ರೆ ಮಳೆ ಶುರುವಾದ ಮೇಲೆ ಹೊಲಿಗೆ ಒಂದೇ ಉಳಿಯುತ್ತದೆ. ಕರೆಂಟು ಹೋದರೂ ಸೂಜಿ, ದಾರ ನಡೆಯುತ್ತದೆ. ತಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೋ, ಸೂಜಿ ಹಿಡಿಯುವುದು ಅವನಿಗೂ ಬರಲಿ.

ಈ ವರ್ಷ ಟ್ರಂಕಿನಲ್ಲಿ ಇರುವುದರಿಂದ ಒಂದೇ ಒಂದು ಹೊದಿಕೆ ಹೊಲಿದು ಮುಗಿಸು. ಅಲ್ಲಿಯವರೆಗೆ ಹೊಸ ಬಟ್ಟೆ ಕೊಳ್ಳಬೇಡ.