ಸಾಲ ನಿಮ್ಮ ಹೆಸರಲ್ಲಿದ್ದರೆ ಹಸುವೂ ನಿಮ್ಮದೇ ಆಗಲಿ
ಅಕ್ಕ, ಸ್ವಸಹಾಯ ಸಂಘದಲ್ಲಿ ಸಾಲ ಎತ್ತುವ ಮುಂಚೆ ಒಂದು ಮಾತು. ಆ ದುಡ್ಡು ದುಡಿಯಬೇಕು. ಹಬ್ಬಕ್ಕೋ ಹಳೇ ಕೈಸಾಲಕ್ಕೋ ಹೋದರೆ ಕಂತು ಕಟ್ಟಲು ಇನ್ನೊಂದು ಸಾಲ ಬೇಕಾಗುತ್ತದೆ. ಹಸು ಕಟ್ಟಿ ಗೆದ್ದವರನ್ನು ನೋಡಿ: ಡೇರಿಯ ಬಟವಾಡೆ ಬಂದ ದಿನ ಮೊದಲು ಕಂತಿನ ದುಡ್ಡು ಎತ್ತಿಡುತ್ತಾರೆ, ಆಮೇಲೆ ಹಿಂಡಿ-ಬೂಸಾ, ಉಳಿದದ್ದು ಮಕ್ಕಳ ಫೀಸಿಗೆ. ಹಸು ಬತ್ತಿದಾಗಲೂ ಕಂತು ನಿಲ್ಲುವುದಿಲ್ಲ, ಅದಕ್ಕೆಂದೇ ನಾಲ್ಕು ಕಾಸು ಪಕ್ಕಕ್ಕಿಡಿ. ಡೇರಿ ಪಾಸ್‌ಬುಕ್ ಕೂಡ ನಿಮ್ಮ ಹೆಸರಲ್ಲೇ ಇರಲಿ.

1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿದ ಮೇಲೆ ಅಡಮಾನವಿಲ್ಲದ ಸಾಲದ ದಾರಿ ತೆರೆಯಿತು. ವಾರದ ಉಳಿತಾಯ ತಪ್ಪಿಸಬೇಡಿ, ನಡಾವಳಿ ಪುಸ್ತಕವನ್ನು ಓದಿಸಿಕೊಂಡೇ ಸಹಿ ಹಾಕಿ. ಬ್ಯಾಂಕಿನವರು ನೋಡುವುದು ಅದನ್ನೇ.

ಮನೆ ಬಾಗಿಲಿಗೇ ಬರುವ ಮೈಕ್ರೋಫೈನಾನ್ಸ್ ಆದರೆ, ಬಡ್ಡಿ-ಶುಲ್ಕವನ್ನೆಲ್ಲ ನಿಮಗೆ ತಿಳಿಯುವ ಭಾಷೆಯಲ್ಲಿ ಬರೆಸಿಕೊಳ್ಳಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಕೂಡದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಬಲವಂತದ ವಸೂಲಿ ತಡೆಯಲೆಂದೇ ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ಯಾರಾದರೂ ಹೆದರಿಸಿದರೆ ಒಬ್ಬರೇ ಅಳುತ್ತಾ ಕೂರಬೇಡಿ, ಸಂಘದ ನಾಲ್ಕು ಜನರನ್ನು ಕರೆದುಕೊಂಡು ಠಾಣೆಗೆ ಹೋಗಿ.