ಎಳೆಯರ ಅಕ್ಷರಾಭ್ಯಾಸ: ಮಗುವಿನ ಕಾಯಕ, ಮನೆಯ ದಾಸೋಹ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ನೆಲೆಗೊಳಿಸಿದ ತತ್ತ್ವಗಳಲ್ಲಿ ಅರಿವು, ಆಚಾರ, ಕಾಯಕ, ದಾಸೋಹ ಇವು ಮುಖ್ಯವಾದವು. ದೋಣಿ ನಡೆಸುವವನೂ, ಹಗ್ಗ ಹೊಸೆಯುವವನೂ, ಬಟ್ಟೆ ಮಡಿಮಾಡುವವನೂ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ದಂಪತಿಗಳೂ ತಮ್ಮ ಅನುಭಾವವನ್ನು ತಾವು ಆಡುವ ಕನ್ನಡದಲ್ಲಿಯೇ ನುಡಿದರು. ಅರಿವು ಯಾವುದೊಂದು ವರ್ಗದ ಸೊತ್ತೂ ಅಲ್ಲವೆಂಬುದು ಇದರಿಂದ ಸಿದ್ಧವಾಯಿತು. ಇಂಥ ಪರಂಪರೆಗೆ ಸೇರಿದ ಮನೆಯಲ್ಲಿ ಮಗುವೊಂದು ಅಕ್ಷರ ಕಲಿಯತೊಡಗಿದರೆ ಅದನ್ನು ಕೇವಲ ಮುಂದಿನ ಉದ್ಯೋಗದ ಸಿದ್ಧತೆಯೆಂದು ಎಣಿಸಲಾಗದು. ಅದು ಆ ಮಗುವಿನ ಮೊದಲನೆಯ ಕಾಯಕ. ಆ ಕಾಯಕದ ಸ್ವರೂಪವೇನು, ಅದಕ್ಕೆ ಮನೆಯವರು ಸಲ್ಲಿಸಬೇಕಾದ ದಾಸೋಹವೇನು ಎಂಬುದನ್ನು ಸದ್ಭಕ್ತರು ಸ್ಪಷ್ಟವಾಗಿ ತಿಳಿದಿರುವುದು ಆವಶ್ಯಕ.

ಮೊದಲ ಮೂರು ತರಗತಿಗಳ ಮಹತ್ತ್ವ

ಒಂದರಿಂದ ಮೂರನೆಯ ತರಗತಿಯವರೆಗೆ ಮಗು ಓದುವುದನ್ನು ಕಲಿಯುತ್ತದೆ. ನಾಲ್ಕನೆಯದರಿಂದ ಮುಂದೆ ಓದಿ ಕಲಿಯಬೇಕಾಗುತ್ತದೆ. ಈ ಮೂರು ವರ್ಷಗಳಲ್ಲಿ ಓದು ಕೈಗೂಡದಿದ್ದರೆ ಮುಂದೆ ಪರಿಸರದ ಪಾಠವೂ ತಿಳಿಯದು, ಲೆಕ್ಕದ ಪ್ರಶ್ನೆಯೂ ತಿಳಿಯದು. ಕ್ರಮೇಣ ಆ ಮಗು ತನ್ನನ್ನು ದಡ್ಡನೆಂದೇ ನಂಬಿಬಿಡುತ್ತದೆ. ವಾಸ್ತವವಾಗಿ ಕೊರತೆಯಿರುವುದು ಬುದ್ಧಿಯಲ್ಲಲ್ಲ, ಬುನಾದಿಯಲ್ಲಿ. ಆದುದರಿಂದಲೇ ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಬುನಾದಿಯ ಓದುಬರಹಕ್ಕೆ ಮೊದಲ ಸ್ಥಾನವನ್ನು ಕೊಟ್ಟಿತು. ೨೦೨೧ರ ಜುಲೈ ೫ರಂದು ಆರಂಭವಾದ ನಿಪುಣ ಭಾರತ ಯೋಜನೆಯು, ಪ್ರತಿಯೊಂದು ಮಗುವೂ ಮೂರನೆಯ ತರಗತಿಯನ್ನು ಮುಗಿಸುವಷ್ಟರಲ್ಲಿ ಅರ್ಥವರಿತು ಓದಬೇಕು, ಸಾಮಾನ್ಯ ಲೆಕ್ಕಗಳನ್ನು ಮಾಡಬೇಕು ಎಂಬ ಗುರಿಯನ್ನು ಮುಂದಿಟ್ಟಿತು.

ಅಕ್ಷರ ಕಲಿಯುವ ಬಗೆ

ಕನ್ನಡ ವರ್ಣಮಾಲೆಯಲ್ಲಿ ಹದಿಮೂರು ಸ್ವರಗಳು, ಎರಡು ಯೋಗವಾಹಗಳು, ಮೂವತ್ತನಾಲ್ಕು ವ್ಯಂಜನಗಳು, ಒಟ್ಟು ೪೯ ಅಕ್ಷರಗಳು. ಹಿಂದಿನವರು ಇವನ್ನು ಅ ಆ ಇ ಈ ಎಂಬ ಕ್ರಮದಲ್ಲಿಯೇ ಮರಳಿನ ಮೇಲೆ ತಿದ್ದಿ ಕಲಿತರು. ಇಂದು ಮಗು ಶಾಲೆಯಿಂದ ಬಂದು ರ, ಗ, ಸ, ದ ಎಂದು ಹೇಳುವುದನ್ನು ಕೇಳಿ ಅನೇಕ ಹಿರಿಯರು ಕಳವಳಗೊಳ್ಳುತ್ತಾರೆ. ಇದು ನಲಿ-ಕಲಿ ಪದ್ಧತಿಯ ಕ್ರಮ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ಈ ಪದ್ಧತಿಯು ಬಳಿಕ ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿತು. ಇದರಲ್ಲಿ ಮಕ್ಕಳು ಗುಂಪುಗುಂಪಾಗಿ ಕುಳಿತು, ಕಾರ್ಡುಗಳ ನೆರವಿನಿಂದ, ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿಯುತ್ತಾರೆ.

ಅಕ್ಷರಗಳ ಈ ಹೊಸ ಕ್ರಮಕ್ಕೆ ಕಾರಣವಿದೆ. ಬರೆಯಲು ಸುಲಭವಾದ ಕೆಲವೇ ಅಕ್ಷರಗಳನ್ನು ಕಲಿತೊಡನೆ ಮಗು ಸರ, ರಸ, ಗರಗಸ ಎಂಬ ಶಬ್ದಗಳನ್ನು ತಾನೇ ಓದಬಲ್ಲದು. ಅಕ್ಷರಕ್ಕೆ ಅರ್ಥವಿದೆಯೆಂಬ ಸಂತೋಷ ಮೊದಲ ತಿಂಗಳುಗಳಲ್ಲಿಯೇ ಅದಕ್ಕೆ ದೊರೆಯುತ್ತದೆ. ವರ್ಣಮಾಲೆಯ ಕ್ರಮವನ್ನು ಮುಂದೆ ಕಲಿಯಬಹುದು. ಅದರಿಂದ ನಷ್ಟವೇನೂ ಇಲ್ಲ. ಇದಕ್ಕೆ ವಿರುದ್ಧವಾಗಿ, ಕಾಗುಣಿತವನ್ನು ರಾಗವಾಗಿ ಒಪ್ಪಿಸಬಲ್ಲ ಮಗುವಿಗೆ ನಡುವಿನ ಒಂದು ಅಕ್ಷರವನ್ನು ತೋರಿಸಿ ಕೇಳಿದರೆ ಗುರುತಿಸಲಾಗದಿರಬಹುದು. ಬಾಯಿಗೆ ಬಂದುದು ಕಣ್ಣಿಗೆ ಬಂದಿರಲೇಬೇಕೆಂಬ ನಿಯಮವಿಲ್ಲ. ಆದುದರಿಂದ ಮನೆಯಲ್ಲಿ ಅಕ್ಷರಗಳನ್ನು ಸಾಲಾಗಿ ಕೇಳದೆ ಅಲ್ಲಲ್ಲಿ ತೋರಿಸಿ ಕೇಳತಕ್ಕದ್ದು.

ಮಕ್ಕಳು ಎಡವುವ ಸ್ಥಳಗಳು ಹೆಚ್ಚುಕಡಿಮೆ ನಿಶ್ಚಿತವಾಗಿವೆ. ವ ಮತ್ತು ಮ, ಬ ಮತ್ತು ಭ, ಪ ಮತ್ತು ಷ ಇವು ರೂಪದಲ್ಲಿ ಸಮೀಪವಾದವು. ಅಕಾರ ಹಕಾರಗಳೂ, ಲಕಾರ ಳಕಾರಗಳೂ ಕೆಲವು ಕಡೆಯ ಆಡುನುಡಿಯಲ್ಲಿ ಬೆರೆತುಹೋಗುತ್ತವೆ. ಎಲ್ಲಕ್ಕಿಂತ ಕಠಿನವಾದುದು ಒತ್ತಕ್ಷರ, ಅದರಲ್ಲಿಯೂ ಅರ್ಕಾವತ್ತು. ‘ಧರ್ಮ’ ಎಂಬಲ್ಲಿ ರೇಫವು ಕಿವಿಗೆ ಮೊದಲು ಕೇಳಿಸುತ್ತದೆ, ಬರಹದಲ್ಲಿ ಮಕಾರದ ಅನಂತರ ಕಾಣಿಸುತ್ತದೆ. ಕಿವಿ ಒಂದು ಹೇಳಿ ಕಣ್ಣು ಮತ್ತೊಂದು ಹೇಳುವಲ್ಲಿ ಎಳೆಯ ಮನಸ್ಸು ಗೊಂದಲಗೊಳ್ಳುವುದು ಸಹಜ. ಅದನ್ನು ದಡ್ಡತನವೆಂದು ಕರೆಯುವವರು ಕನ್ನಡದ ಬರಹವನ್ನೇ ಸರಿಯಾಗಿ ಗಮನಿಸಿಲ್ಲವೆಂದು ಹೇಳಬೇಕು.

ಓದಿನ ಅಳತೆ

ನಿಪುಣ ಭಾರತದ ಗುರಿಗಳ ಪ್ರಕಾರ, ಒಂದನೆಯ ತರಗತಿಯ ಕೊನೆಗೆ ಮಗು ನಾಲ್ಕೈದು ಸರಳ ಪದಗಳುಳ್ಳ ಅಪರಿಚಿತ ವಾಕ್ಯಗಳನ್ನು ಓದಬೇಕು. ಎರಡನೆಯ ತರಗತಿಯ ಕೊನೆಗೆ ನಿಮಿಷಕ್ಕೆ ೪೫ರಿಂದ ೬೦ ಪದಗಳನ್ನು, ಮೂರನೆಯದರ ಕೊನೆಗೆ ೬೦ಕ್ಕೆ ಕಡಿಮೆಯಿಲ್ಲದಷ್ಟು ಪದಗಳನ್ನು ಅರ್ಥಸಹಿತವಾಗಿ ಓದಬೇಕು. ಇವು ಶಾಲೆಗೆ ದಿಕ್ಕು ತೋರಿಸುವ ಅಳತೆಗಳು. ಮನೆಯಲ್ಲಿ ಗಡಿಯಾರ ಹಿಡಿದು ಮಗುವನ್ನು ಓಡಿಸಲು ಇರುವವಲ್ಲ. ವಿಭಕ್ತಿ ಪ್ರತ್ಯಯಗಳು ಸೇರಿ ಕನ್ನಡದ ಪದ ಉದ್ದವಾಗುವುದನ್ನೂ ನೆನಪಿನಲ್ಲಿಡಬೇಕು. ನಿಧಾನವಾಗಿ ಓದಿದರೂ ಓದಿದುದನ್ನು ತನ್ನ ಮಾತಿನಲ್ಲಿ ಹೇಳಬಲ್ಲ ಮಗು ಸರಿಯಾದ ದಾರಿಯಲ್ಲಿದೆ.

ಲೆಕ್ಕದ ಕಲಿಕೆ

ಸಂಖ್ಯೆಗಳು ಒಂದನೆಯ ತರಗತಿಯಲ್ಲಿ ೯೯ರವರೆಗೆ, ಎರಡನೆಯದರಲ್ಲಿ ೯೯೯ರವರೆಗೆ, ಮೂರನೆಯದರಲ್ಲಿ ೯೯೯೯ರವರೆಗೆ ಬೆಳೆಯುತ್ತವೆ. ಇಲ್ಲಿಯ ತಿರುಳು ಸ್ಥಾನಬೆಲೆ. ನೂರೈದು ಎಂಬುದನ್ನು ಮಗು ೧೦೦೫ ಎಂದು ಬರೆಯುವುದುಂಟು. ಅದು ಕೇಳಿದುದನ್ನು ಕೇಳಿದಂತೆಯೇ, ನೂರು ಮತ್ತು ಐದು ಎಂದು ಬರೆದಿದೆ. ಅದರಲ್ಲಿ ಒಂದು ತರ್ಕವಿದೆ. ಬೈದು ಅಳಿಸಿದರೆ ತರ್ಕ ತಿದ್ದಲ್ಪಡದು. ಜೋಳದ ದಂಟಿನ ಕಡ್ಡಿಗಳನ್ನು ಹತ್ತು ಹತ್ತರಂತೆ ಕಟ್ಟಿ, ಹತ್ತು ಕಟ್ಟುಗಳನ್ನು ಒಂದು ಹೊರೆಯಾಗಿಸಿ, ಒಂದು ಹೊರೆ, ಕಟ್ಟು ಯಾವುದೂ ಇಲ್ಲ, ಬಿಡಿ ಕಡ್ಡಿ ಐದು ಎಂದು ಮುಂದಿಟ್ಟರೆ ೧೦೫ ಎಂಬುದು ತಾನಾಗಿಯೇ ತಿಳಿಯುತ್ತದೆ. ನಡುವಿನ ಸೊನ್ನೆ ಏಕೆ ಬಂದಿತೆಂಬುದೂ ಆಗ ಸ್ಪಷ್ಟವಾಗುತ್ತದೆ. ಮಗ್ಗಿಯೂ ಹೀಗೆಯೇ. ಮೂರು ನಾಲ್ಕಲ ಹನ್ನೆರಡು ಎಂದು ಒಪ್ಪಿಸುವ ಮಗುವಿಗೆ, ಮೂವರಿಗೆ ನಾಲ್ಕು ನಾಲ್ಕು ರೊಟ್ಟಿಯಾದರೆ ಎಷ್ಟು ರೊಟ್ಟಿ ಬೇಕೆಂದು ಕೇಳಿ ನೋಡಬೇಕು.

ಮನೆಯವರು ಸಲ್ಲಿಸಬೇಕಾದ ದಾಸೋಹ

ಕಾಯಕವನ್ನು ಅವರವರೇ ಮಾಡಬೇಕೆಂಬುದು ಶರಣರ ಮತ. ಮಗುವಿಗೆ ಕೊಟ್ಟ ಮನೆಗೆಲಸವನ್ನು ತಂದೆತಾಯಿಗಳು ತಾವೇ ಬರೆದು ಕಳುಹಿಸುವುದು ಪ್ರೀತಿಯಂತೆ ತೋರಿದರೂ ಮಗುವಿನ ಕಾಯಕವನ್ನು ಕಸಿದುಕೊಂಡಂತೆಯೇ ಸರಿ. ಪುಸ್ತಕದಲ್ಲಿ ಅಕ್ಷರ ದುಂಡಾಗಿ ಕಾಣಬಹುದು, ಆದರೆ ಮಗುವಿನ ಕೈ ಬರಿದಾಗಿಯೇ ಉಳಿಯುತ್ತದೆ. ಗುರುಗಳಿಗೂ ಮಗುವಿನ ನಿಜವಾದ ಕಷ್ಟ ಗೊತ್ತಾಗದೆ ಹೋಗುತ್ತದೆ. ಮನೆಯವರ ಪಾಲು ದಾಸೋಹ. ಎಂದರೆ ಕಾಲವನ್ನೂ ಕಿವಿಯನ್ನೂ ಸಹನೆಯನ್ನೂ ನೀಡುವುದು.

‘ನಾವು ಓದಿದವರಲ್ಲ, ನಮ್ಮಿಂದ ಏನಾದೀತು’ ಎಂದು ಹಿಂಜರಿಯುವ ತಾಯಂದಿರು ಅನೇಕರಿದ್ದಾರೆ. ಈ ಸಂಕೋಚಕ್ಕೆ ಕಾರಣವಿಲ್ಲ. ಪ್ರತಿದಿನ ಹದಿನೈದು ನಿಮಿಷ ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿ, ‘ಮುಂದೇನಾಯಿತು? ಅವನು ಹಾಗೇಕೆ ಮಾಡಿದ?’ ಎಂದು ಕೇಳುವುದಕ್ಕೆ ಅಕ್ಷರಜ್ಞಾನ ಬೇಕಿಲ್ಲ. ಅಜ್ಜಿ ಹೇಳುವ ಕಥೆ, ಒಗಟು, ಗಾದೆ ಇವುಗಳಿಂದ ಮಗುವಿನ ಶಬ್ದಭಂಡಾರ ತುಂಬುತ್ತದೆ. ಕಿವಿಯಲ್ಲಿ ಕೇಳಿದ ಶಬ್ದವನ್ನೇ ಕಣ್ಣು ಪುಸ್ತಕದಲ್ಲಿ ಬೇಗ ಗುರುತಿಸುತ್ತದೆ. ಮಗುವಿನ ಮನೆಮಾತು ಕಲಬುರಗಿಯದಾಗಿರಲಿ, ಧಾರವಾಡದ್ದಾಗಿರಲಿ, ಮೈಸೂರಿನದಾಗಿರಲಿ, ಅದನ್ನು ಹಾಸ್ಯ ಮಾಡಲಾಗದು. ಪುಸ್ತಕದ ಕನ್ನಡಕ್ಕೆ ಅದೇ ಸೋಪಾನ. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವ ಮಗುವಿಗಂತೂ ಮನೆಯ ಕನ್ನಡ ಇನ್ನೂ ಹೆಚ್ಚು ಆವಶ್ಯಕ. ತಿಳಿದ ನುಡಿಯಲ್ಲಿ ಅರ್ಥವಾದ ವಿಷಯವನ್ನೇ ಹೊಸ ನುಡಿಯಲ್ಲಿ ಸುಲಭವಾಗಿ ಹಿಡಿಯಬಹುದು.

ಮನೆಯ ಕೆಲಸಗಳೂ ಪಾಠಗಳೇ. ಊಟಕ್ಕೆ ಎಷ್ಟು ಜನ, ಎಷ್ಟು ತಟ್ಟೆ ಎಂದು ಎಣಿಸಿ ಇಡುವುದು, ಅಂಗಡಿಯಿಂದ ತಂದ ಚಿಲ್ಲರೆಯನ್ನು ಲೆಕ್ಕ ಹಾಕುವುದು, ಪಂಚಾಂಗದಲ್ಲಿ ಹಬ್ಬಕ್ಕೆ ಇನ್ನೆಷ್ಟು ದಿನವೆಂದು ನೋಡುವುದು, ಮಠದ ಪಂಕ್ತಿಯಲ್ಲಿ ಎಲೆ ಹಾಕುವುದು, ಇವೆಲ್ಲವುಗಳಿಂದ ಸಂಖ್ಯೆಗೆ ಜೀವ ಬರುತ್ತದೆ. ಈ ಕೆಲಸಗಳನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಹಂಚಬೇಕು. ಓದುವ ಹದಿನೈದು ನಿಮಿಷವೂ ಇಬ್ಬರಿಗೂ ಸಮಾನವಾಗಿರಬೇಕು. ಶರಣೆಯರ ವಚನಗಳನ್ನು ಕೊಂಡಾಡುವ ಮನೆಯಲ್ಲಿ ಮಗಳ ಪುಸ್ತಕವನ್ನು ಮುಚ್ಚಿಸಿ ಕಸಬರಿಗೆ ಕೊಡುವುದು ಸಲ್ಲದು.

ಅತಿಯೂ ಸಲ್ಲದು. ಮಾರಯ್ಯನು ಎಂದಿನ ಅಳತೆಗೆ ಮೀರಿ ಅಕ್ಕಿ ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಆಯ್ದಕ್ಕಿ ಲಕ್ಕಮ್ಮ ತಿಳಿಸಿದ ಕಥೆ ಎಲ್ಲ ಭಕ್ತರಿಗೂ ಗೊತ್ತಿದೆ. ಒಂದನೆಯ ತರಗತಿಯ ಮಗುವಿನ ಮೇಲೆ ಮೂರನೆಯದರ ಪಾಠವನ್ನು ಹೇರುವವರು, ಸಂಜೆಯ ಆಟವನ್ನು ಕಿತ್ತುಕೊಂಡು ಮತ್ತೆ ಮತ್ತೆ ಪಾಠಕ್ಕೆ ಕಳುಹಿಸುವವರು ಆ ಕಥೆಯನ್ನು ನೆನೆಯಬೇಕು. ಆಯಾ ದಿನದ ಅಳತೆ ಆಯಾ ದಿನಕ್ಕೆ ಸಾಕು. ಆದರೆ ಅದು ತಪ್ಪಬಾರದು. ಜಾತ್ರೆ, ಮದುವೆ, ಸುಗ್ಗಿಗಳ ನೆಪದಲ್ಲಿ ವಾರಗಟ್ಟಲೆ ಶಾಲೆ ತಪ್ಪಿಸಿದರೆ ಮೆಟ್ಟಿಲುಗಳ ಸರಣಿ ಮುರಿಯುತ್ತದೆ. ಮಗು ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿಯುತ್ತಿದ್ದರೆ, ಕರೆದರೆ ಕೇಳಿಸದಂತಿದ್ದರೆ, ಗದರಿಸುವ ಮೊದಲು ಕಣ್ಣು ಕಿವಿಗಳನ್ನು ವೈದ್ಯರಿಗೆ ತೋರಿಸಬೇಕು. ಓದುವ ವೇಳೆಯಲ್ಲಿ ಹಿರಿಯರ ಕೈಯಲ್ಲಿಯೂ ಮೊಬೈಲು ಇರಬಾರದು.

ಇನ್ನು ದಂಡನೆಯ ಮಾತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ದಯೆಯೇ ಧರ್ಮದ ಬೇರೆಂದು ನಂಬಿದವರ ಮನೆಗೆ ಬೇರೊಂದು ಕಾಯಿದೆ ಬೇಕಿಲ್ಲ. ನೆರೆಮನೆಯ ಮಗುವಿನೊಡನೆ ಹೋಲಿಸಿ ಹಂಗಿಸಿದ ಒಂದು ಮಾತು ಬೆತ್ತದ ಪೆಟ್ಟಿಗಿಂತ ದೀರ್ಘಕಾಲ ನೋಯಿಸುತ್ತದೆ. ಆ ಭಯದಲ್ಲಿ ಕಲಿತುದೂ ಮರೆತುಹೋಗುತ್ತದೆ.

ವಚನಪಾಠದ ವಿಷಯ

ಮಕ್ಕಳಿಂದ ವಚನಗಳನ್ನು ಹೇಳಿಸುವ ಸಂಪ್ರದಾಯ ಶ್ಲಾಘ್ಯವಾದುದು. ಹತ್ತಾರು ವಚನಗಳನ್ನು ತಡೆಯಿಲ್ಲದೆ ಹೇಳಿ ಬಹುಮಾನ ಪಡೆದ ಮಗುವಿನ ಮುಂದೆ ಅದೇ ವಚನವನ್ನು ಬರೆದಿಟ್ಟರೆ ಓದಬಲ್ಲದೇ ಎಂಬುದನ್ನು ಮಾತ್ರ ಹಿರಿಯರು ಮರೆಯದೆ ಪರೀಕ್ಷಿಸಬೇಕು. ವಾರಕ್ಕೊಂದು ಚಿಕ್ಕ ವಚನ ಸಾಕು. ಮೊದಲು ಕೇಳಿಸಿ, ಅರ್ಥವನ್ನು ಮನೆಮಾತಿನಲ್ಲಿ ತಿಳಿಸಿ, ಬಳಿಕ ದೊಡ್ಡ ಅಕ್ಷರದಲ್ಲಿ ಬರೆದು ಬೆರಳಿಟ್ಟು ಓದಿಸಬೇಕು. ಗೊತ್ತಿರುವ ಅಕ್ಷರಗಳನ್ನು ಅದರಲ್ಲಿ ಹುಡುಕಿಸಬೇಕು. ಕೊನೆಗೆ ಆ ವಾರ ಮನೆಯವರೆಲ್ಲರೂ ಆ ವಚನದ ಒಂದು ಮಾತನ್ನಾದರೂ ನಡೆಯಲ್ಲಿ ತರಬೇಕು. ಸುಳ್ಳಾಡಬಾರದೆಂಬ ವಚನವನ್ನು ಮಗನಿಂದ ಹೇಳಿಸಿ, ಬಾಗಿಲಿಗೆ ಬಂದವರಿಗೆ ‘ಅಪ್ಪ ಮನೆಯಲ್ಲಿಲ್ಲವೆಂದು ಹೇಳು’ ಎಂದರೆ, ಮಗು ಕಲಿಯುವುದು ಎರಡನೆಯ ಪಾಠವನ್ನೇ.

ಬೆಳಗಿನ ಲಿಂಗಪೂಜೆಯ ಅನಂತರದ ಶಾಂತ ಸಮಯವು ಈ ಅಭ್ಯಾಸಕ್ಕೆ ಅತ್ಯಂತ ಯೋಗ್ಯ. ಪೂಜೆ ಒಂದು ದಿನವೂ ತಪ್ಪದ ಮನೆಯಲ್ಲಿ ಹದಿನೈದು ನಿಮಿಷದ ಓದೂ ತಪ್ಪದಂತೆ ನಡೆಸುವುದು ಕಷ್ಟವಲ್ಲ. ಮೂರು ವರ್ಷ ಹೀಗೆ ನಡೆದರೆ ಮಗು ಮುಂದೆ ಯಾವ ಪುಸ್ತಕವನ್ನಾದರೂ, ಶರಣರ ವಚನಗಳನ್ನಾದರೂ, ಮತ್ತೊಬ್ಬರ ಹಂಗಿಲ್ಲದೆ ತಾನೇ ತೆರೆದು ಓದಬಲ್ಲದು.