ಕೋಳಿಯ ಕಾಲಿಗೆ ಬಲ: ಮೇವಿನ ಏಳು ಪಾಠಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಕೋಳಿ ಸಾಕುವವರ ಮನೆಯಲ್ಲಿ ರಾಗಿ, ಮೆಕ್ಕೆಜೋಳ, ಹಿಂಡಿ, ಸೊಪ್ಪಿಗೆ ಬರವಿಲ್ಲ. ಆದರೂ ಮರಿಗಳು ಕಾಲೆಳೆಯುತ್ತವೆ, ಹೇಂಟೆಗಳು ತೊಗಲು ಮೊಟ್ಟೆ ಇಡುತ್ತವೆ. ಯಾವ ವಯಸ್ಸಿಗೆ ಯಾವ ಮೇವು ಎಂಬುದು ತಪ್ಪಿದರೆ ಹೀಗಾಗುತ್ತದೆ.

1. ಮರಿಗೊಂದು ಮೇವು, ಹೇಂಟೆಗೊಂದು ಮೇವು. ಮರಿಯ ಮೇವಿನಲ್ಲಿ ಸುಮಾರು ಶೇ. 1ರಷ್ಟು ಕ್ಯಾಲ್ಸಿಯಂ ಸಾಕು. ಮೊಟ್ಟೆ ಇಡುವ ಹೇಂಟೆಗೆ ಶೇ. 3.5ರಿಂದ 4 ಬೇಕು. ಹೇಂಟೆಯ ಮೇವನ್ನೇ ಮರಿಗೂ ಹಾಕುತ್ತಾ ಹೋದರೆ ಮೂತ್ರಪಿಂಡ ಕೆಡುತ್ತದೆ.

2. ರಾಗಿ ಒಂದನ್ನೇ ನಂಬಬೇಡಿ. ಧಾನ್ಯಗಳಲ್ಲಿ ರಾಗಿಯೇ ಕ್ಯಾಲ್ಸಿಯಂನಲ್ಲಿ ಮುಂದು, ನಿಜ. ಆದರೆ 100 ಗ್ರಾಂ ರಾಗಿಯಲ್ಲಿರುವುದು ಸುಮಾರು 340 ಮಿಲಿಗ್ರಾಂ. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಬೇಕು. ಮೇವಿನಲ್ಲಿ ಸಿಗದಿದ್ದರೆ ಹೇಂಟೆ ತನ್ನ ಮೂಳೆಯಿಂದಲೇ ತೆಗೆದು ಚಿಪ್ಪು ಕಟ್ಟುತ್ತದೆ.

3. ಚಿಪ್ಪಿನ ನುಚ್ಚು ಸಂಜೆಗಿರಲಿ. ಮೊಟ್ಟೆಯ ಚಿಪ್ಪು ಹೆಚ್ಚಾಗಿ ಬಲಿಯುವುದು ರಾತ್ರಿ. ಕಪ್ಪೆಚಿಪ್ಪು ಅಥವಾ ಸುಣ್ಣಕಲ್ಲಿನ ನುಚ್ಚನ್ನು ಬೇರೆ ಬೋಗುಣಿಯಲ್ಲಿಡಿ. ಬೇಕಾದ ಹೇಂಟೆ ಬೇಕಾದಷ್ಟು ಹೆಕ್ಕುತ್ತದೆ. ಹಿಟ್ಟಿಗಿಂತ ನುಚ್ಚು ಮೇಲು, ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ. ಮನೆಯ ಮೊಟ್ಟೆಚಿಪ್ಪನ್ನು ಹುರಿದು, ಗುರುತು ಸಿಗದಂತೆ ಕುಟ್ಟಿ ಹಾಕಿ. ಎಲೆಯಡಿಕೆಯ ಸುಣ್ಣ ಮಾತ್ರ ಬೇಡ, ಬಾಯಿ ಕರುಳು ಸುಡುತ್ತದೆ.

4. ಬಿಸಿಲೂ ಮೇವೇ. ಬಿಸಿಲಿನಿಂದ ಮೈಯಲ್ಲಿ ತಯಾರಾಗುವ ವಿಟಮಿನ್ ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು. ಮರಿಯ ಕೊಕ್ಕನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ: ರಬ್ಬರಿನಂತೆ ಬಾಗಿದರೆ ಮೂಳೆ ಮೆತ್ತಗಾಗಿದೆ ಎಂದೇ ಅರ್ಥ. ಬೆಳಗಿನ ಹೊತ್ತು ಅಂಗಳಕ್ಕೆ ಬಿಡಿ. ಅರಕಲಗೂಡಿನ ಮಳೆಗಾಲದ ಮೋಡದಲ್ಲೂ, ಶೆಡ್ಡಿನೊಳಗೇ ಸಾಕುವಾಗಲೂ ಡಿ3 ಯನ್ನು ವೈದ್ಯರು ಹೇಳಿದ ಅಳತೆಯಲ್ಲಿ ಕೊಡಿ.

5. ರಂಜಕ ಮರೆಯಬೇಡಿ. ಮೂಳೆಗೆ ಕ್ಯಾಲ್ಸಿಯಂ ಜೊತೆ ಅದೂ ಬೇಕು. ಕಾಳಿನಲ್ಲಿರುವ ರಂಜಕದ ಬಹುಪಾಲನ್ನು ಕೋಳಿ ಜೀರ್ಣಿಸಿಕೊಳ್ಳಲಾರದು. ಮನೆಯಲ್ಲೇ ಮೇವು ಕಲಸುವವರು ಕೋಳಿಗೆಂದೇ ಬರುವ ಖನಿಜ ಮಿಶ್ರಣ ಸೇರಿಸಲೇಬೇಕು. ಬೆಳವಣಿಗೆಗೆ ನೆರಳಲ್ಲಿ ಒಣಗಿಸಿದ ನುಗ್ಗೆ ಸೊಪ್ಪಿನ ಪುಡಿ ಒಳ್ಳೆಯದು, 100 ಕಿಲೋ ಮೇವಿಗೆ 5 ಕಿಲೋ ಮೀರದಿರಲಿ. ಅಜೋಲ್ಲಾವನ್ನು ಚೆನ್ನಾಗಿ ತೊಳೆದು ಹಾಕಿ. ಆದರೆ ಹಸಿ ಅಜೋಲ್ಲಾದಲ್ಲಿ ಶೇ. 90ಕ್ಕೂ ಹೆಚ್ಚು ನೀರು, ಅದು ಕಾಳಿಗೆ ಬದಲಿಯಲ್ಲ. ಚನ್ನರಾಯಪಟ್ಟಣದ ಕಡೆ ಸುಲಭವಾಗಿ ಸಿಗುವ ಕೊಬ್ಬರಿ ಹಿಂಡಿಯಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಜೊತೆಗೆ ಸೋಯಾ ಹಿಂಡಿ ಇರಲಿ.

6. ಬೂಷ್ಟು ಹಿಡಿದ ಜೋಳ ಬೇಡವೇ ಬೇಡ. ಕಾಳನ್ನು ಹಲ್ಲಲ್ಲಿ ಕಡಿದರೆ ಕಟಕ್ಕೆನ್ನಬೇಕು. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಈಲಿಯನ್ನು ಕೆಡಿಸುತ್ತದೆ. ಈಲಿ ಕೆಟ್ಟರೆ ಡಿ3 ಕೂಡ ಕೆಲಸ ಮಾಡದು. ತೊಳೆದು ಒಣಗಿಸಿದರೂ ಆ ವಿಷ ಹೋಗುವುದಿಲ್ಲ.

7. ಕುಂಟುವುದೆಲ್ಲ ಮೂಳೆಯ ದೋಷವಲ್ಲ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದರೆ ಮಾರೆಕ್ಸ್ ರೋಗವಿರಬಹುದು. ಕತ್ತು ತಿರುಚಿದರೆ ಕೊಕ್ಕರೆ ರೋಗವಿರಬಹುದು. ಇವಕ್ಕೆ ಯಾವ ಮೇವೂ ಮದ್ದಲ್ಲ, ಮೊದಲೇ ಹಾಕಿಸಿದ ಲಸಿಕೆಯೇ ರಕ್ಷಣೆ. ತಾಲ್ಲೂಕಿನ ಪಶು ಆಸ್ಪತ್ರೆಯಿದೆ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ತಡಮಾಡದೆ ತೋರಿಸಿ.

ಟಾನಿಕ್ ಬಾಟಲಿಗೆ ದುಡ್ಡು ಸುರಿಯುವ ಮೊದಲು ಜೋಳ ಒಣಗಿಸಿ, ಮರಿಗಳ ಮೇವು ಬೇರೆ ಮಾಡಿ, ಹೇಂಟೆಗಳಿಗೆ ಚಿಪ್ಪಿನ ಬೋಗುಣಿ ಇಡಿ. ಖರ್ಚು ಕಡಿಮೆ, ಫಲ ಖಂಡಿತ.